ಮಾರುವವರು ಮಾಡುವವರಾದದ್ದು: ಮೈಸೂರಿನ ಜಾವಾ ಮೋಟಾರು ಸೈಕಲ್ಲಿನ ಚರಿತ್ರೆ

ಮೋಟಾರು ವಾಹನಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಅವುಗಳನ್ನು ತಯಾರಿಸಿದವರ ಚರಿತ್ರೆಯನ್ನೇ ಬರೆಯುತ್ತಾರೆ. ಮಾರಿದವರ ಮಾತು ಅದರಲ್ಲಿ ಬರುವುದು ಅಪರೂಪ. ಅಂಗಡಿಯವನು ತಾನೇ, ಬಂದ ಮಾಲನ್ನು ಕೊಟ್ಟ, ಹಣ ಎಣಿಸಿಕೊಂಡ, ಅವನಿಗೆಂತಹ ಚರಿತ್ರೆ ಎಂದು ನಾವು ಭಾವಿಸುವುದುಂಟು. ಆದರೆ ಅಂಗಡಿಯವನೇ ಮುಂದೆ ನಿಂತು ವಾಹನಗಳ ದಿಕ್ಕನ್ನು ತಿರುಗಿಸಿದ ಸಂದರ್ಭಗಳೂ ಇವೆ. ಅಮೆರಿಕದಲ್ಲಿ 1960ರಿಂದೀಚೆಗೆ ಅಂತಹದೊಂದು ನಡೆಯಿತು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ನಮ್ಮ ಮೈಸೂರಿನಲ್ಲಿ ಬೇರೊಂದು ರೀತಿಯಲ್ಲಿ ನಡೆಯಿತು. ಪುಣೆಯಲ್ಲಿ ನೆಲಸಿರುವ ಕನ್ನಡಿಗರು ಈ ಎರಡನೆಯ ಕಥೆಯನ್ನು ತಿಳಿಯಬೇಕೆನ್ನುವುದಕ್ಕೆ ಕಾರಣವಿದೆ. ಅದರ ಹಳೆಯ ಎಳೆಯೊಂದೂ ಇತ್ತೀಚಿನ ಎಳೆಯೊಂದೂ ಈ ಊರಿಗೇ ಬಂದು ಸೇರುತ್ತವೆ.

ಅಮೆರಿಕದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. 1964ರಲ್ಲಿ ಪಾಂಟಿಯಾಕ್ ಕಂಪೆನಿಯವರು ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಇಂಜಿನನ್ನು ಕೂರಿಸಿ ಜಿ.ಟಿ.ಓ. ಎಂಬ ಹೆಸರಿನಲ್ಲಿ ಮಾರಲಾರಂಭಿಸಿದರು. ಅಲ್ಲಿನವರು ಇಂತಹ ಗಾಡಿಗಳನ್ನು ‘ಮಸಲ್ ಕಾರು’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಗರಡಿಯ ಕಾರು ಎನ್ನಬಹುದೋ ಏನೋ. ಕಾರ್ಖಾನೆ ಕೊಟ್ಟ ವೇಗ ಸಾಲದೆಂದು ಕಂಡವರಿಗೆ ಕೆಲವು ಡೀಲರುಗಳು ತಮ್ಮ ಕಾರ್ಯಾಗಾರದಲ್ಲೇ ಇನ್ನಷ್ಟು ಬಲವನ್ನು ತುಂಬಿಕೊಡುತ್ತಿದ್ದರು. ಡೆಟ್ರಾಯಿಟ್ ನಗರದ ಬಳಿಯ ರಾಯಲ್ ಪಾಂಟಿಯಾಕ್, ಷಿಕಾಗೋ ನಗರದಲ್ಲಿ ನಾರ್ಮ್ ಕ್ರಾಸ್ ಎಂಬವರು ನಡೆಸುತ್ತಿದ್ದ ಗ್ರ್ಯಾಂಡ್ ಸ್ಪಾಲ್ಡಿಂಗ್ ಡಾಡ್ಜ್, ಪೆನ್ಸಿಲ್ವೇನಿಯದ ಕ್ಯಾನನ್ಸ್‌ಬರ್ಗ್ ಎಂಬ ಸಣ್ಣ ಊರಿನ ಯೆಂಕೋ ಷೆವ್ರೊಲೆ, ಇವೆಲ್ಲ ಅಂಗಡಿಗಳೇ. ಡಾನ್ ಯೆಂಕೋ ಸ್ವತಃ ಪಂದ್ಯದ ಚಾಲಕ. 1967ರಲ್ಲಿ ಆತ ಕಮಾರೋ ಕಾರಿನ ಇಂಜಿನನ್ನು ಇಳಿಸಿ 427 ಘನ ಅಂಗುಲದ, ಅಂದರೆ ಸುಮಾರು 7,000 ಸಿ.ಸಿ.ಯ ಇಂಜಿನನ್ನು ಏರಿಸಿ ಮಾರಲು ತೊಡಗಿದ. ಅಂತಹ ಕಾರಿಗೆ ಅಷ್ಟು ದೊಡ್ಡ ಇಂಜಿನು ಕೂಡದೆಂದು ಜನರಲ್ ಮೋಟಾರ್ಸ್‌ನವರೇ ನಿಯಮ ಮಾಡಿಕೊಂಡಿದ್ದರು. ಆದರೆ 1969ರ ಹೊತ್ತಿಗೆ ಈ ಅಂಗಡಿಯವನ ಹಟಕ್ಕೆ ಕಾರ್ಖಾನೆಯವರೇ ಬಗ್ಗಿ, ವಿಶೇಷ ಆರ್ಡರಿನ ಮೇರೆಗೆ ಆ ಇಂಜಿನನ್ನು ತಾವೇ ಕೂರಿಸಿ ಕಳುಹಿಸಿದರು. ಈ ಆಟ ಬಹುಕಾಲ ನಡೆಯಲಿಲ್ಲ. ವಿಮೆಯ ಕಂತು ಏರಿತು, 1970ರ ವಾಯುಶುದ್ಧಿಯ ಕಾನೂನು ಬಂತು, 1973ರಲ್ಲಿ ಅರಬ್ ದೇಶಗಳು ಎಣ್ಣೆಯನ್ನು ತಡೆಹಿಡಿದವು, ಅಲ್ಲಿಗೆ ಮುಗಿಯಿತು.

ಆ ವರ್ಷಗಳಲ್ಲಿ ನಮ್ಮ ದೇಶದ ಅಂಗಡಿಯವನ ಅವಸ್ಥೆಯೇ ಬೇರೆ. ಇಂಜಿನನ್ನು ದೊಡ್ಡದು ಮಾಡುವ ಮಾತಿರಲಿ, ಮಾರಲು ಗಾಡಿಯೇ ಇರಲಿಲ್ಲ. ತಯಾರಿಕೆಯ ಯೋಜನೆಯಿಲ್ಲದೆ ಬರಿದೇ ಬಿಡಿಭಾಗಗಳನ್ನು ತಂದು ಜೋಡಿಸುವ ವಿದೇಶೀ ಕಂಪೆನಿಗಳಿಗೆ ಇಲ್ಲಿ ಸ್ಥಾನವಿಲ್ಲವೆಂಬ ಧೋರಣೆ 1953ರ ಸುಂಕ ಆಯೋಗದ ವರದಿಯಿಂದ ಗಟ್ಟಿಯಾಯಿತು. 1954ರಲ್ಲಿ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಕಂಪೆನಿಗಳು ಗಂಟುಮೂಟೆ ಕಟ್ಟಿದವು. ಕಾರಿನ ವಿಷಯದಲ್ಲಿ ಉಳಿದದ್ದು ಕಲ್ಕತ್ತೆಯ ಬಳಿ ಉತ್ತರಪಾರಾದ ಹಿಂದುಸ್ತಾನ್, ಮುಂಬಯಿಯ ಕುರ್ಲಾದ ಪ್ರೀಮಿಯರ್, ಮದರಾಸಿನ ಸ್ಟ್ಯಾಂಡರ್ಡ್. ಕೊಳ್ಳುವವನು ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಗಿರಾಕಿಯೇ ಅಂಗಡಿಯವನಿಗೆ ನಮಸ್ಕಾರ ಮಾಡುವ ಕಾಲ ಅದು.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಕುರ್ಲಾದ ಆ ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ಆಗಬೇಕಾಗಿದ್ದುದು. ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯ ಸಯನ್ಸ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ 1883ರಲ್ಲಿ ತೇರ್ಗಡೆಯಾದವರು; 1903ರಲ್ಲಿ ಖಡಕವಾಸಲಾದ ಜಲಾಶಯಕ್ಕೆ ತಾವೇ ಕಲ್ಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದವರು. ಇದು ಪುಣೆಯ ಕನ್ನಡಿಗರಿಗೆ ಹೊಸ ವಿಷಯವಲ್ಲ. ಆದರೆ ಅವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಮೋಟಾರು ಕಾರ್ಖಾನೆಗಳನ್ನು ನೋಡುವುದಕ್ಕಾಗಿಯೇ ಯುರೋಪು ಅಮೆರಿಕಗಳನ್ನು ಸುತ್ತಿ ಬಂದು, ನಮ್ಮಲ್ಲೂ ಮೋಟಾರು ತಯಾರಾಗಬೇಕೆಂದು ಯೋಜನೆ ಹಾಕಿದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಸೊಲ್ಲಾಪುರದ ವಾಲಚಂದ ಹೀರಾಚಂದರು ಬಂಡವಾಳಕ್ಕೆ ನಿಂತರು. ಅಮೆರಿಕದ ಕ್ರೈಸ್ಲರ್ ಕಂಪೆನಿಯೊಡನೆ 1940ರಲ್ಲಿ ಕರಾರಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಬೆಂಬಲಕ್ಕೆ ಸಿದ್ಧವಾಗಿತ್ತು. ಯುದ್ಧಕಾಲವೆಂದು ನೆವ ಹೇಳಿ ಆಂಗ್ಲ ಸರ್ಕಾರ ಒಪ್ಪಲಿಲ್ಲ. ಕೊನೆಗೆ ವಾಲಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಕ್ರೈಸ್ಲರ್ ಬಳಗದ ಡಾಡ್ಜ್ ಗಾಡಿಗಳು 1947ರಿಂದ ಕುರ್ಲಾದಲ್ಲಿ ಜೋಡಣೆಯಾದವು. ಷಿಕಾಗೋದ ನಾರ್ಮ್ ಕ್ರಾಸ್ ಮುಂದೆ ವೇಗಕ್ಕೆ ಹೆಸರಾದ ರೀತಿಯಲ್ಲಿ ಮಾರಿದ್ದು ಇದೇ ಡಾಡ್ಜ್ ಹೆಸರಿನ ಕಾರುಗಳನ್ನು. ಮೈಸೂರಿನ ಪಾಲಿಗೆ ಕಾರು ಕೈತಪ್ಪಿತು.

ತಪ್ಪಿದ ಕಾರಿನ ಬದಲಿಗೆ ಮೈಸೂರಿಗೆ ಮೋಟಾರು ಸೈಕಲ್ಲು ಬಂದದ್ದು ಮುಂಬಯಿಯ ಒಂದು ಅಂಗಡಿಯ ದಾರಿಯಿಂದ.

ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಎಂಬುವರು ಮುಂಬಯಿಯಲ್ಲಿ ಚೆಕೊಸ್ಲೊವಾಕಿಯದ ಜಾವಾ ಮೋಟಾರು ಸೈಕಲ್ಲುಗಳನ್ನು ತರಿಸಿ ಮಾರುತ್ತಿದ್ದರು. ಜಾವಾ ಎಂದೊಡನೆ ಸಮುದ್ರದಾಚೆಯ ದ್ವೀಪವನ್ನು ನೆನೆಯುವವರಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಪ್ರಾಗ್ ನಗರದ ಶಸ್ತ್ರಾಸ್ತ್ರ ತಯಾರಕ ಫ್ರಾಂಟಿಷೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ಅದರ ಮೊದಲೆರಡು ಅಕ್ಷರವನ್ನು ಸೇರಿಸಿ ಇಟ್ಟ ಹೆಸರು ಅದು. ಚೆಕ್ಕರ ಬಾಯಲ್ಲಿ ‘ಯಾವಾ’, ನಮ್ಮವರ ಬಾಯಲ್ಲಿ ‘ಜಾವಾ’. ಎರಡನೆಯ ಮಹಾಯುದ್ಧದ ತರುವಾಯ ಆ ಕಾರ್ಖಾನೆಯ 250 ಸಿ.ಸಿ. ಗಾಡಿಗಳು ದೇಶದೇಶಗಳಿಗೆ ಹೋದವು.

ಆಮದಿಗೆ ಬಾಗಿಲು ಮುಚ್ಚುತ್ತಾ ಬಂದಾಗ ಇಂತಹ ಅಂಗಡಿಯವರ ಮುಂದಿದ್ದ ದಾರಿಗಳು ಹೆಚ್ಚಿಲ್ಲ. ಅಂಗಡಿ ಮುಚ್ಚಬೇಕು, ಬೇರೆ ಸರಕಿಗೆ ಕೈಹಾಕಬೇಕು, ಇಲ್ಲವೇ ತಾವೇ ತಯಾರಿಸಬೇಕು. ಬಹುಮಂದಿ ಮೊದಲ ಎರಡನ್ನು ಆಯ್ದುಕೊಂಡರು. ಇರಾನಿಗಳು ಮೂರನೆಯದನ್ನು ಹಿಡಿದರು. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಎರಕ, ಗೇರು, ಪಿಸ್ಟನ್ನುಗಳ ಲೋಕಕ್ಕೆ ಇಳಿಯುವುದೆಂದರೆ ಸಾಮಾನ್ಯ ಧೈರ್ಯವಲ್ಲ. ಅವರು ಮುಂಬಯಿಯನ್ನು ಬಿಟ್ಟು ಮೈಸೂರನ್ನು ಆರಿಸಿಕೊಂಡದ್ದನ್ನೂ ಗಮನಿಸಬೇಕು. ಮೈಸೂರು ಆಗ ಅರಮನೆ, ಗಂಧದೆಣ್ಣೆ, ರೇಷ್ಮೆಗಳ ಊರೆಂದು ಹೊರಗಿನವರಿಗೆ ಕಾಣುತ್ತಿದ್ದರೂ, ಅಲ್ಲಿ ಬಟ್ಟೆಯ ಗಿರಣಿಯಿತ್ತು, ರೈಲ್ವೆಯ ದೊಡ್ಡ ಕಾರ್ಯಾಗಾರವಿತ್ತು, ಯಂತ್ರದ ಮುಂದೆ ನಿಂತು ಅಭ್ಯಾಸವಿದ್ದ ಕೆಲಸಗಾರರಿದ್ದರು.

ಐಡಿಯಲ್ ಜಾವಾ ಎಂಬ ಹೆಸರಿನಲ್ಲಿ ಕಾರ್ಖಾನೆ ಯಾದವಗಿರಿಯಲ್ಲಿ ತಲೆಯೆತ್ತಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಶ್ರೀ ಜಯಚಾಮರಾಜ ಒಡೆಯರು. 1956ರ ನವೆಂಬರ್ 1ರಿಂದ, ಎಂದರೆ ನಾವು ಹಬ್ಬ ಮಾಡುವ ಆ ದಿನದಿಂದಲೇ, ಅವರು ವಿಶಾಲ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು. ವಿಶ್ವೇಶ್ವರಯ್ಯನವರು ಆಗ ಇನ್ನೂ ಜೀವಿಸಿದ್ದರು; ಅವರು ಕಾಲವಾದದ್ದು 1962ರ ಏಪ್ರಿಲ್ಲಿನಲ್ಲಿ. ಇಪ್ಪತ್ತೈದು ವರ್ಷ ಹಿಂದೆ ಅವರು ನಾಲ್ಕು ಚಕ್ರದ ಮೇಲೆ ಬೇಡಿದ್ದನ್ನು ಮೈಸೂರು ಎರಡು ಚಕ್ರದ ಮೇಲೆ ಪಡೆಯಿತೆಂದರೆ ಅತಿಶಯೋಕ್ತಿಯೇನೂ ಆಗಲಾರದು.

ಇನ್ನು ಗಾಡಿಯ ವಿಷಯ. ಅದನ್ನು ಓಡಿಸಿದವರಿಗೆ ವಿವರಿಸಬೇಕಾಗಿಲ್ಲ. ಓಡಿಸದವರಿಗೆ ಸ್ವಲ್ಪ ಹೇಳಬೇಕು. ಒಂದೇ ಸಿಲಿಂಡರು, ಸುಮಾರು 250 ಸಿ.ಸಿ., ಆದರೆ ಹೊಗೆಯ ಕೊಳವೆಗಳು ಎರಡು, ಎಡಕ್ಕೊಂದು ಬಲಕ್ಕೊಂದು. ಇಂಜಿನು ಎರಡು ಹೊಡೆತದ್ದು, ಟೂ ಸ್ಟ್ರೋಕ್. ನಾಲ್ಕು ಹೊಡೆತದ ಇಂಜಿನಿನಲ್ಲಿ ಪಿಸ್ಟನ್ನು ಎರಡು ಸಲ ಏರಿಳಿದಾಗ ಒಮ್ಮೆ ಸ್ಫೋಟವಾದರೆ, ಇದರಲ್ಲಿ ಪ್ರತಿ ಏರಿಳಿತಕ್ಕೊಮ್ಮೆ ಸ್ಫೋಟ. ಆದುದರಿಂದ ಗಾತ್ರಕ್ಕೆ ಮೀರಿದ ಬಲ. ಕವಾಟಗಳ ಗೊಂದಲವಿಲ್ಲ, ಬಿಚ್ಚಿ ಜೋಡಿಸುವುದು ಸುಲಭ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಪೆಟ್ರೋಲಿನ ಜೊತೆಗೆ ಎಣ್ಣೆಯನ್ನೂ ಸುಡಬೇಕು. ಬಂಕಿನಲ್ಲಿ ಲೀಟರಿಗೆ ಮೂವತ್ತೋ ನಲವತ್ತೋ ಮಿಲಿಯಂತೆ ಎಣ್ಣೆ ಹಾಕಿಸಿ ಗಾಡಿಯನ್ನು ಅತ್ತಿತ್ತ ಅಲುಗಿಸಿ ಬೆರೆಸುತ್ತಿದ್ದ ದೃಶ್ಯವನ್ನು ಹಿರಿಯರು ಬಲ್ಲರು. ಹಿಂದೆ ಬರುವವನಿಗೆ ಹೊಗೆ, ಕೊಳವೆಯಲ್ಲಿ ಮಸಿ. ಆ ಮಸಿಯನ್ನು ಆಗಾಗ ತೆಗೆಯದಿದ್ದರೆ ಗಾಡಿ ಮುನಿಸಿಕೊಳ್ಳುತ್ತಿತ್ತು. ತೆಗೆಯುವ ನೆಪದಲ್ಲಿ ಸೈಲೆನ್ಸರಿನ ಒಳಗಿನ ಭಾಗವನ್ನೇ ಕಳಚಿಟ್ಟು, ಬೀದಿಗೆಲ್ಲ ಕೇಳುವಂತೆ ಹೋಗುತ್ತಿದ್ದ ತರುಣರೂ ಇದ್ದರು. ಪಾಪ, ಅವರಿಗೆ ಯೆಂಕೋನ ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದರೆ ಗುರುವೆಂದು ಒಪ್ಪುತ್ತಿದ್ದರು.

ಕಾಲಿನ ಗೇರು ಲಿವರನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕು. ಗೇರು ಬದಲಾಯಿಸಲು ಕೈಯ ಕ್ಲಚ್ಚನ್ನು ಹಿಡಿಯದಿದ್ದರೂ ನಡೆಯುತ್ತಿತ್ತು, ಕಾಲಿನ ಒತ್ತಡಕ್ಕೇ ಕ್ಲಚ್ಚು ಬಿಡುವಂತೆ ಏರ್ಪಾಟಿತ್ತು. ಕೀಲಿಕೈಯಂತೂ ಹಲ್ಲಿಲ್ಲದ ಒಂದು ಮೊಳೆಯಂತಹ ವಸ್ತು. ಅದನ್ನು ಮುಂದಿನ ದೀಪದ ಮೇಲಿನ ತೂತಿಗೆ ಒತ್ತಬೇಕು. ಕೀಲಿಕೈ ಕಳೆದರೆ ನಿಜವಾದ ಮೊಳೆಯೇ ಸಾಕಾಗುತ್ತಿತ್ತೆಂಬುದು ಜಗಜ್ಜಾಹೀರಾದ ವಿಷಯ. ಇದನ್ನು ಗುಣವೆನ್ನಬೇಕೋ ದೋಷವೆನ್ನಬೇಕೋ ಗಾಡಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ನಿಲ್ಲುತ್ತದೆ.

ಹನ್ನೆರಡು ಅಶ್ವಶಕ್ತಿಯ ಈ ಗಾಡಿಯನ್ನು 7,000 ಸಿ.ಸಿ.ಯ ಕಮಾರೋ ಪಕ್ಕದಲ್ಲಿಟ್ಟು ನೋಡಿದರೆ ನಗು ಬರಬಹುದು; ಇಪ್ಪತ್ತೆಂಟು ಜಾವಾ ಇಂಜಿನುಗಳನ್ನು ಕೂಡಿಸಿದರೆ ಆ ಒಂದು ಇಂಜಿನಿನ ಗಾತ್ರವಾಗುತ್ತದೆ. ಆದರೆ ವೇಗವೆಂಬುದು ಪಕ್ಕದವನೊಡನೆ ಹೋಲಿಸಿದ ಮಾತು. ಹಾವೇರಿ, ದಾವಣಗೆರೆಗಳ ರಸ್ತೆಯಲ್ಲಿ ಅಂಬಾಸಿಡರ್ ಕಾರು ತೇಕುತ್ತಾ ಹೋಗುತ್ತಿದ್ದ ಕಾಲದಲ್ಲಿ ಜಾವಾ ಅದನ್ನು ಹಿಂದಿಕ್ಕುವುದು ಸಾಮಾನ್ಯವಾಗಿತ್ತು. ಮದರಾಸಿನ ಬಳಿ ಷೋಲಾವರಂನಲ್ಲಿ ಯುದ್ಧಕಾಲದ ಹಳೆಯ ವಿಮಾನದ ಓಡುದಾರಿಯ ಮೇಲೆ ನಡೆಯುತ್ತಿದ್ದ ಪಂದ್ಯಗಳಲ್ಲಿ ಮೈಸೂರಿನ ಗಾಡಿಗಳೂ ಓಡುತ್ತಿದ್ದವು. ನಮ್ಮ ದೇಶದ ‘ಗರಡಿಯ’ ಯುಗ ಎಂಬುದೊಂದು ಇದ್ದರೆ ಅದು ಮದರಾಸಿನ ಬುಲೆಟ್ಟು ಮತ್ತು ಮೈಸೂರಿನ ಜಾವಾಗಳ ಯುಗವೇ ಸರಿ.

ಇದೇ ಕಾಲದಲ್ಲಿ ಪುಣೆ ಏನು ಮಾಡುತ್ತಿತ್ತು? ಬಜಾಜ್ ಆಟೋ ಕಂಪೆನಿಗೆ 1959ರಲ್ಲಿ ದ್ವಿಚಕ್ರ ತ್ರಿಚಕ್ರ ವಾಹನಗಳ ತಯಾರಿಕೆಗೆ ಲೈಸೆನ್ಸು ಸಿಕ್ಕಿತು. ಆಕುರ್ಡಿಯಲ್ಲಿ ಇಟಲಿಯ ವೆಸ್ಪಾ ಸ್ಕೂಟರು ತಯಾರಾಗತೊಡಗಿತು. 1966ರಲ್ಲಿ ಟೆಲ್ಕೋ ಬಂತು. ಪಿಂಪ್ರಿ ಚಿಂಚವಾಡಗಳ ಈ ಕಾರ್ಖಾನೆಗಳ ಸಾಲೇ ವಿಜಾಪುರ, ಕಲಬುರ್ಗಿ, ಬೆಳಗಾವಿ ಕಡೆಯ ನಮ್ಮ ಎಷ್ಟೋ ಕುಟುಂಬಗಳನ್ನು ಇಲ್ಲಿಗೆ ಕರೆತಂದದ್ದು. 1972ರಲ್ಲಿ ಚೇತಕ್ ಸ್ಕೂಟರು, ಅದೇ ವರ್ಷ ಕೈನೆಟಿಕ್‌ನವರ ಲೂನಾ. ಪುಣೆ ಮಾಡಿದ್ದು ಸಂಸಾರಸ್ಥನ ಗಾಡಿ. ಮುಂದೆ ಮಗು ನಿಂತುಕೊಂಡು, ಹಿಂದೆ ಮಡದಿ ಓರೆಯಾಗಿ ಕುಳಿತು, ತರಕಾರಿಯ ಚೀಲ ಕೊಕ್ಕೆಗೆ ತೂಗುಹಾಕಿಕೊಂಡು ಹೋಗತಕ್ಕದ್ದು. ಕತ್ರಜ್ ಘಾಟನ್ನೂ ಖಂಬಾಟಕಿ ಘಾಟನ್ನೂ ಏರಿಳಿದು, ಕೊಲ್ಲಾಪುರ ಬೆಳಗಾವಿಗಳ ಮೇಲೆ ಊರಿಗೆ ಹೋಗಬೇಕೆಂಬ ಹುಮ್ಮಸ್ಸಿದ್ದವನಿಗೆ ಬೇಕಾದದ್ದು ಮೈಸೂರಿನ ಗಾಡಿ. ವ್ಯಾಪಾರದ ಲೆಕ್ಕದಲ್ಲಿ ಗೆದ್ದದ್ದು ಪುಣೆಯೇ ಎಂಬುದನ್ನು ಮರೆಮಾಚಬೇಕಾಗಿಲ್ಲ. ಸ್ಕೂಟರಿಗಾಗಿ ಜನ ವರ್ಷಾನುಗಟ್ಟಲೆ ಸರದಿಯಲ್ಲಿ ಕಾದರು.

ಚೆಕ್ ಕಂಪೆನಿಯ ಹೆಸರನ್ನು ಬಿಟ್ಟು 1973ರಿಂದ ಮೈಸೂರಿನ ಗಾಡಿ ‘ಯೆಜ್ಡಿ’ಯಾಯಿತು. ಇರಾನಿನ ಯಜ್ದ್ ನಗರ ಪಾರಸಿ ಧರ್ಮದವರ ಹಳೆಯ ನೆಲೆ. ಆ ಊರಿನ ನೆನಪಿನಿಂದ ಬಂದ ಹೆಸರೆನ್ನುತ್ತಾರೆ. ಅಮೆರಿಕದ ದೈತ್ಯ ಕಾರುಗಳಿಗೆ ಎಣ್ಣೆಯ ಅಭಾವ ಮಂಗಳ ಹಾಡಿದ ವರ್ಷವೂ ಅದೇ. ಮೈಸೂರಿನವರು ಅದರಿಂದ ಧೃತಿಗೆಡಲಿಲ್ಲ. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಹೊರಬಂತು. ಹದಿನಾರು ಅಶ್ವಶಕ್ತಿ, ಹಳೆಯ ಜಾವಾದ ದುಂಡು ಮೈ ಹೋಗಿ ನೆಟ್ಟಗಿನ ನಿಲುವು. ಮೈಸೂರಿನ ಗಾಡಿಗಳಲ್ಲಿ ಜನ ಅತಿ ಹೆಚ್ಚು ಪ್ರೀತಿಸಿದ್ದು ಇದನ್ನೇ ಎಂದು ನನ್ನ ಎಣಿಕೆ, ಹಳೆಯ ಜಾವಾದ ಅಭಿಮಾನಿಗಳು ಜಗಳಕ್ಕೆ ಬಂದರೂ ಚಿಂತೆಯಿಲ್ಲ. ಎರಡು ಸಿಲಿಂಡರುಗಳ 350 ಸಿ.ಸಿ. ಗಾಡಿಯನ್ನೂ ಅವರು ಮಾಡಿದರು. ಅದಕ್ಕೆ ಕೊಳ್ಳುವವರು ಕಡಿಮೆ.

ಕಷ್ಟ ಬಂದದ್ದು ಜಪಾನಿನಿಂದ. 1984ರಲ್ಲಿ ಹೊಸೂರಿನಿಂದ ಸುಜುಕಿ ಸಹಯೋಗದ ಗಾಡಿ, 1985ರಲ್ಲಿ ಹೀರೋ ಹೋಂಡಾ, ಅದೇ ವರ್ಷ ಯಮಹಾದ ಆರ್.ಎಕ್ಸ್. 100, ಪುಣೆಯಲ್ಲೇ ಬಜಾಜ್‌ನವರು ಕವಾಸಾಕಿಯೊಡನೆ ಕೂಡಿ ಮಾಡಿದ ಮೋಟಾರು ಸೈಕಲ್ಲು. ಎಲ್ಲವೂ 100 ಸಿ.ಸಿ. ಹಗುರ ಗಾಡಿಗಳು. ನಾಲ್ಕು ಹೊಡೆತದ ಹೀರೋ ಹೋಂಡಾ ಲೀಟರಿಗೆ 80 ಕಿಲೋಮೀಟರು ಹೋಗುತ್ತದೆಂದು ಜಾಹೀರಾತು ಸಾರುತ್ತಿದ್ದಾಗ, ಅದರ ಅರ್ಧವನ್ನೂ ಕೊಡದ ಯೆಜ್ಡಿಯನ್ನು ಸಂಬಳದ ಮನುಷ್ಯ ಹೇಗೆ ಕೊಂಡಾನು? ಮೇಲೆ ಎಣ್ಣೆಯ ಖರ್ಚು ಬೇರೆ. 1991ರಲ್ಲಿ ಹೊಗೆಯ ಮೇಲೆ ಮೊದಲ ನಿಯಮಗಳು ಬಂದವು, 1996ರಲ್ಲಿ ಅವು ಬಿಗಿಯಾದವು. ಹಳೆಯ ರೀತಿಯ ಟೂ ಸ್ಟ್ರೋಕ್ ಇಂಜಿನಿಗೆ ಅದು ಕೊರಳ ಹಗ್ಗ. ಇಪ್ಪತ್ತು ವರ್ಷ ಹಳೆಯ ನಕ್ಷೆಯನ್ನೇ ತಿದ್ದಿ ತೀಡಿ ಕಾಲ ತಳ್ಳುತ್ತಿದ್ದುದರಲ್ಲಿ ಕಂಪೆನಿಯ ತಪ್ಪೂ ಇಲ್ಲದಿಲ್ಲ. ಮಾರುವವರಾಗಿದ್ದಾಗ ಆಮದು ನಿಂತಿತೆಂದು ಮಾಡುವವರಾಗಲು ಹೆದರದ ಮನೆತನ, ಮಾಡುವವರಾದ ಮೇಲೆ ಹೊಸ ಇಂಜಿನಿಗೆ ಕೈಹಾಕುವ ಎರಡನೆಯ ಧೈರ್ಯವನ್ನು ತೋರಲಿಲ್ಲ.

1996ರಲ್ಲಿ ಯಾದವಗಿರಿಯಲ್ಲಿ ತಯಾರಿಕೆ ನಿಂತಿತು. 2001ರಲ್ಲಿ ಹೈಕೋರ್ಟಿನ ಆಜ್ಞೆಯಿಂದ ಕಂಪೆನಿಯ ಆಸ್ತಿ ಲಿಕ್ವಿಡೇಟರರ ಕೈಸೇರಿತು. ಮೂವತ್ತೈದು ವರ್ಷ ಆ ಊರಿನ ಮನೆಗಳಿಗೆ ಅನ್ನ ಕೊಟ್ಟ ಕಾರ್ಖಾನೆ. ಅಲ್ಲಿ ಬೆಳಗ್ಗೆ ಪಾಳಿಗೆ ಹೋಗುತ್ತಿದ್ದವರಿಗೆ ಆ ಕೈಕಸುಬು ಇನ್ನೊಂದೆಡೆ ಹಾಗೆಯೇ ಸಲ್ಲುವಂತಹದಾಗಿರಲಿಲ್ಲ, ಏಕೆಂದರೆ ಆ ತರಹದ ಗಾಡಿಯನ್ನು ಮತ್ತಾರೂ ಮಾಡುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿದಾಗ ಷೇರುದಾರನ ನಷ್ಟವನ್ನು ಪತ್ರಿಕೆಗಳು ಬರೆಯುತ್ತವೆ. ಕಿವಿಯಿಂದ ಕೇಳಿಯೇ ಇಂಜಿನಿನ ದೋಷವನ್ನು ಹೇಳಬಲ್ಲ ಕೆಲಸಗಾರನ ವಿದ್ಯೆ ಎಲ್ಲಿಗೆ ಹೋಯಿತೆಂದು ಯಾರೂ ಲೆಕ್ಕವಿಡುವುದಿಲ್ಲ.

ಅದರಲ್ಲಿ ಸ್ವಲ್ಪ ಭಾಗ ಬೀದಿಬದಿಯ ಗ್ಯಾರೇಜುಗಳಿಗೆ ಹೋಯಿತೆನ್ನಬಹುದು. ತಯಾರಕನಿಲ್ಲ, ಡೀಲರನಿಲ್ಲ, ಗಾಡಿ ಮಾತ್ರ ಓಡುತ್ತಲೇ ಇತ್ತು. ಪಾಯಿಂಟಿನ ಸಂದು ಸರಿಮಾಡುವ, ಬೋರು ಹೊಡೆಸಿ ದೊಡ್ಡ ಪಿಸ್ಟನ್ನು ಕೂರಿಸುವ ಮೇಸ್ತ್ರಿಗಳು ಮೈಸೂರು, ಬೆಂಗಳೂರು, ಪುಣೆಗಳಲ್ಲಿ ಈ ಗಾಡಿಗಳನ್ನು ಜೀವದಿಂದಿಟ್ಟರು. ಅಭಿಮಾನಿಗಳ ಬಳಗಗಳು ಹುಟ್ಟಿಕೊಂಡವು. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುವ ರೂಢಿ ಬಂದು, ಆ ದಿನ ಬೆಂಗಳೂರಿನಲ್ಲಿ ನೂರಾರು ಹಳೆಯ ಗಾಡಿಗಳು ಒಟ್ಟಾಗಿ ಸೇರುತ್ತವೆ. ಸುತ್ತಲಿನವರು ಮೂಗು ಮುಚ್ಚಿಕೊಂಡೇ ನೋಡಿ ಸಂತೋಷಪಡುತ್ತಾರೆ.

ಪುಣೆ ಮತ್ತೆ ಈ ಕಥೆಯೊಳಗೆ ಬರುವುದು ಇಲ್ಲಿ. ಮಹೀಂದ್ರ ಬಳಗವು ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ ಮೊದಲಾದವರೊಡನೆ ಸೇರಿ ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪೆನಿಯ ಮೂಲಕ 2018ರ ನವೆಂಬರಿನಲ್ಲಿ ಜಾವಾ ಹೆಸರನ್ನು ಮರಳಿ ತಂದಿತು. ಹೊಸ ಗಾಡಿಗಳ ಮೊಟ್ಟಮೊದಲ ಎರಡು ಷೋರೂಮುಗಳು ತೆರೆದದ್ದು ಮೈಸೂರಿನಲ್ಲಲ್ಲ, ಮುಂಬಯಿಯಲ್ಲೂ ಅಲ್ಲ. ಅದೇ ಡಿಸೆಂಬರಿನಲ್ಲಿ ನಮ್ಮ ಪುಣೆಯ ಬಾಣೇರ್ ಮತ್ತು ಚಿಂಚವಾಡಗಳಲ್ಲಿ. ಸ್ಕೂಟರಿನ ಊರೆನಿಸಿದ್ದ ಪುಣೆ ಅಷ್ಟು ಹೊತ್ತಿಗೆ ಬದಲಾಗಿತ್ತು. 2001ರಲ್ಲಿ ಬಜಾಜ್‌ನವರು ಪಲ್ಸರನ್ನು ತಂದ ಮೇಲೆ ತರುಣರ ವೇಗದ ಗಾಡಿಗೆ ಈ ಊರೇ ಹೆಸರಾಗಿತ್ತು. 2022ರ ಜನವರಿಯಲ್ಲಿ ಯೆಜ್ಡಿಯೂ ಮರಳಿತು. ಆ ಹೆಸರು ಯಾರಿಗೆ ಸೇರಿದ್ದೆಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನವರೆಗೆ ಹೋಯಿತು.

ಹೊಸ ಜಾವಾ ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಇಂಜಿನು ನಾಲ್ಕು ಹೊಡೆತದ್ದು, 293 ಸಿ.ಸಿ., ನೀರಿನಿಂದ ತಂಪಾಗತಕ್ಕದ್ದು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ ಎಂಬ ಹಳೆಯ ಲಕ್ಷಣವನ್ನು ಮಾತ್ರ ಬಿಡದೆ ಇಟ್ಟುಕೊಂಡರು. ಎಣ್ಣೆ ಬೆರೆಸುವ ಕೆಲಸವಿಲ್ಲ, ಮೊಳೆ ಚುಚ್ಚಿ ಹೊರಡಿಸುವ ಉಪಾಯವೂ ನಡೆಯದು. ಮೈಸೂರಿನ ಹಳೆಯ ಗಾಡಿಗೂ ಇದಕ್ಕೂ ಇಂಜಿನಿನ ಭಾಗಗಳು ಹೊಂದುವುದಿಲ್ಲವಾದ್ದರಿಂದ, ಮನೆಯಲ್ಲಿ ತಂದೆಯ ಕಾಲದ ರೋಡ್‌ಕಿಂಗ್ ಇಟ್ಟುಕೊಂಡವರು ಹೊಸ ಷೋರೂಮಿನ ಗಾಜಿನ ಬಾಗಿಲನ್ನು ದಾಟಿಕೊಂಡು, ಹಳೆಯ ಮೇಸ್ತ್ರಿಯ ಗ್ಯಾರೇಜಿಗೇ ಹೋಗಬೇಕು.